ಹೊಲಿಗೆಯೊಳಗಿನ ಕಾಗದ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಬಟ್ಟೆ ಅಂಗಡಿಯವನು ಕಣ್ಣೆದುರೇ ಅಳೆದು ಕತ್ತರಿಸಿದ ಬಟ್ಟೆಯನ್ನೂ ಮನೆಗೆ ತಂದು ನಮ್ಮ ಟೇಪಿನಲ್ಲಿ ಇನ್ನೊಮ್ಮೆ ಅಳೆಯುತ್ತೇನೆ. ಆ ಟೇಪನ್ನೂ ಆಗಾಗ ಕಬ್ಬಿಣದ ಸ್ಕೇಲಿಗೆ ಹಿಡಿದು ನೋಡುತ್ತೇನೆ, ಎಳೆದೆಳೆದು ಟೇಪೂ ಸುಳ್ಳು ಹೇಳಲು ಕಲಿಯುತ್ತದೆ. ಮಿಶನ್ನಿನ ಮುಂದೆ ಕೂತರೆ ಇಂಚಿಗೆ ಹದಿನಾರು ಹೊಲಿಗೆ ಹಾಕುತ್ತೇನೆ. ಹನ್ನೆರಡು ಸಾಕು ಎಂದು ಕಸುಬಿನವರೆಲ್ಲ ಹೇಳುತ್ತಾರೆ. ಆದರೆ ದಾರವನ್ನು ನಂಬುವುದು ಹೇಗೆ? ಇದಕ್ಕೇ ನನ್ನ ಗಂಡ ನನ್ನನ್ನು ಪತ್ತೇದಾರಮ್ಮ ಎಂದು ಕರೆಯುತ್ತಾರೆ. ಕರೆಯಲಿ ಬಿಡಿ. ಮನೆಯಲ್ಲಿ ಒಬ್ಬರಾದರೂ ಕಣ್ಣು ಬಿಟ್ಟುಕೊಂಡಿರಬೇಕು.

ಹೋದ ತಿಂಗಳು ನನ್ನ ನಾದಿನಿಯ ಜೀವ ಹೋಗುವುದರಲ್ಲಿತ್ತು. ಯಾರು ಕಾರಣ ಎನ್ನುವುದನ್ನು ನಾನು ಮೊದಲ ದಿನವೇ ಗೊತ್ತುಮಾಡಿಕೊಂಡಿದ್ದೆ.

ನಾದಿನಿ ಎಂದರೆ ನನ್ನ ಗಂಡನ ತಂಗಿ. ಬೀದಿಯವರೆಲ್ಲ ಅವಳನ್ನು ಮಾಸ್ಟರ್ ಎನ್ನುತ್ತಾರೆ. ಮದುವೆ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿ, ಇಪ್ಪತ್ತು ವರ್ಷದ ಕೆಳಗೆ ಈ ಹೊಲಿಗೆ ಅಂಗಡಿ ತೆರೆದವಳು. ಕೆಳಗೆ ಅಂಗಡಿ, ಮೇಲೆ ಮನೆ. ಬಟ್ಟೆ ಕತ್ತರಿಸುವುದು, ಪಿನ್ನು ಚುಚ್ಚಿ ಜೋಡಿಸುವುದು ಅವಳ ಕೆಲಸ. ಮಿಶನ್ನು ಓಡಿಸುವುದು ನನ್ನದು. ಅವಳಿಗೆ ಪಿನ್ನಿನ ದಿಂಬು ಎಂದರೆ ಅಸಡ್ಡೆ. ಎಂಟು ಹತ್ತು ಪಿನ್ನುಗಳನ್ನು ತುಟಿಯ ನಡುವೆ ಕಚ್ಚಿ ಹಿಡಿದು, ಒಂದೊಂದನ್ನೇ ಎಳೆದು ಬಟ್ಟೆಗೆ ಚುಚ್ಚುತ್ತಾಳೆ. ಬಾಯಿ ತುಂಬ ಪಿನ್ನಿದ್ದರೂ ಗಿರಾಕಿಗಳ ಜೊತೆ ಮಾತು ನಿಲ್ಲುವುದಿಲ್ಲ. ಬೈಯುವುದೂ ನಿಲ್ಲುವುದಿಲ್ಲ.

ಎರಡು ತಿಂಗಳ ಹಿಂದೆ ಅವಳಿಗೆ ಸೊಂಟದ ಪಕ್ಕದಲ್ಲಿ ನೋವು ಎದ್ದಿತು. ಮೂತ್ರಪಿಂಡದಲ್ಲಿ ಕಲ್ಲು. ಕತ್ತರಿ ಕೆಳಗಿಟ್ಟು ನೆಲದ ಮೇಲೆ ಮುದುಡಿಕೊಂಡವಳನ್ನು ನಾನೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ನೋಡಿ, ಒತ್ತಿ, ಒಂದು ಮಾತ್ರೆ ಬರೆದುಕೊಟ್ಟರು. ನೋವಿಗೂ ಅದೇ, ಜ್ವರಕ್ಕೂ ಅದೇ, ಆದರೆ ಜೋರಾದದ್ದು, ಚೀಟಿ ಇಲ್ಲದೆ ಕೊಡುವಂಥದ್ದಲ್ಲ ಎಂದರು. ಅವರ ಮೇಜಿನ ಮೇಲೆ ಔಷಧಿ ಕಂಪನಿಯೊಂದರ ಪೆನ್ನಿತ್ತು, ಗೋಡೆಯ ಮೇಲೆ ಔಷಧಿ ಕಂಪನಿಯ ಕ್ಯಾಲೆಂಡರಿತ್ತು. ಪೆನ್ನಿನ ಮೇಲಿನ ಹೆಸರೂ ಚೀಟಿಯಲ್ಲಿ ಬರೆಯುತ್ತಿರುವ ಹೆಸರೂ ಒಂದೇನಾ ಎಂದು ನಾನು ಕತ್ತು ಚಾಚಿ ನೋಡುತ್ತಿದ್ದೆ. ಹಾಗಾಗಿ ಅವರು ಹೇಳಿದ್ದರಲ್ಲಿ ಅರ್ಧ ಮಾತ್ರ ನನ್ನ ಕಿವಿಗೆ ಬಿತ್ತು. ಐದು ದಿನ. ನೋವಿದ್ದರೆ ಮಾತ್ರ. ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಆಮೇಲೆ ಏನೋ ಕಾಣಿಸಿಕೊಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ವಾಪಸ್ ಬನ್ನಿ ಎಂದರು. ಏನು ಕಾಣಿಸಿಕೊಂಡರೆ? ಕೇಳಬಹುದಿತ್ತು. ಅಷ್ಟರಲ್ಲಿ ಎರಡೂ ಹೆಸರು ಬೇರೆ ಬೇರೆ ಎಂದು ಖಾತ್ರಿಯಾಗಿ ನನಗೆ ನಿರಾಳವಾಗಿತ್ತು. ನಾದಿನಿಗೆ ನೋವಿನಲ್ಲಿ ಏನೂ ಕೇಳಿಸಿರಲಿಲ್ಲ.

ನಾಲ್ಕನೆಯ ದಿನ ಕಲ್ಲು ತಾನಾಗಿ ಬಿದ್ದುಹೋಯಿತು. ಆದರೆ ಆ ಮಾತ್ರೆ ಇನ್ನೊಂದು ಉಪಕಾರ ಮಾಡಿತ್ತು. ಕತ್ತರಿ ಹಿಡಿದು ಹಿಡಿದು ಅವಳ ಬಲಭುಜದಲ್ಲಿ ವರ್ಷಗಟ್ಟಲೆ ಕೂತಿದ್ದ ನೋವು ಹೇಳಹೆಸರಿಲ್ಲದೆ ಹೋಗಿತ್ತು. ಮಿಕ್ಕಿದ್ದ ಮಾತ್ರೆಗಳನ್ನು ಅವಳು ಭುಜಕ್ಕೆಂದು ತೆಗೆದುಕೊಂಡಳು. ಮುಗಿದ ಮೇಲೆ ನಾನು ಹಳೆಯ ಚೀಟಿ ಹಿಡಿದು ನಮ್ಮ ಬೀದಿಯ ಔಷಧಿ ಅಂಗಡಿಗೆ ಹೋದೆ. ಅಲ್ಲಿಯ ದಪ್ಪ ಕನ್ನಡಕದ ಮುದುಕ ಚೀಟಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿ, ಇದು ಐದು ದಿನದ ಚೀಟಿ, ಡಾಕ್ಟರನ್ನು ಕಂಡು ಬನ್ನಿ ಎಂದು ವಾಪಸ್ ಕೊಟ್ಟ. ಬೇಕಾದವರಿಗೆ ಕೊಡಲು ಎತ್ತಿಟ್ಟುಕೊಂಡಿದ್ದಾನೆ ಎಂದುಕೊಂಡೆ. ಬಸ್ ನಿಲ್ದಾಣದ ಹತ್ತಿರದ ಅಂಗಡಿಯವನು ಚೀಟಿ ನೋಡದೆಯೇ ಎರಡು ಡಬ್ಬಿ ಕೊಟ್ಟ. ಅವನ ಮೇಲೆ ನನಗೆ ಯಾವ ಅನುಮಾನವೂ ಬರಲಿಲ್ಲ. ಗೆದ್ದವಳ ಹಾಗೆ ಮನೆಗೆ ಬಂದೆ.

ಅಂದಿನಿಂದ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಮಲಗುವಾಗ ಒಂದು. ಕೊಡುತ್ತಿದ್ದವಳು ನಾನೇ. ಅವಳಿಗೆ ಮರೆವು ಜಾಸ್ತಿ.

ಎದುರಂಗಡಿಯವಳು ಬಂದದ್ದು ಆ ಮೇಲೆ. ನಮ್ಮ ಎದುರಿಗೇ ಇನ್ನೊಂದು ಹೊಲಿಗೆ ಅಂಗಡಿಯಿದೆ, ಅಲ್ಲಿ ಏಳು ವರ್ಷ ಕೈಹೊಲಿಗೆ ಮಾಡಿದ್ದವಳು. ಯಜಮಾನನ ಕೂಗಾಟ ತಡೆಯಲಾಗಲಿಲ್ಲ, ಕೆಲಸವಿದ್ದರೆ ಕೊಡಿ ಎಂದು ಒಂದು ಸೋಮವಾರ ಬಂದು ನಿಂತಳು. ನೃತ್ಯಶಾಲೆಯೊಂದರಿಂದ ನಮಗೆ ಹದಿನಾಲ್ಕು ನೀಲಿ ಸ್ಯಾಟಿನ್ ಗೌನುಗಳ ಕೆಲಸ ಬಂದಿತ್ತು. ಕೈ ಸಾಲದೆ ನಾದಿನಿ ಹೂಂ ಅಂದುಬಿಟ್ಟಳು. ನನಗೆ ಮಾತ್ರ ಸರಿಬರಲಿಲ್ಲ. ರಸ್ತೆ ದಾಟಿ ಬಂದವಳು ರಸ್ತೆ ದಾಟಿ ಸುದ್ದಿ ಒಯ್ಯುವುದಿಲ್ಲ ಎಂದು ಯಾವ ಗ್ಯಾರಂಟಿ? ಮೇಲಾಗಿ ಅವಳು ನಡೆದರೆ ಸದ್ದೇ ಆಗುತ್ತಿರಲಿಲ್ಲ. ತಿರುಗಿ ನೋಡಿದರೆ ಬೆನ್ನ ಹಿಂದೆ ನಿಂತಿರುತ್ತಿದ್ದಳು. ಬಂದ ದಿನವೇ ನಾದಿನಿಗೆ ಒಂದು ಉಡುಗೊರೆ ಬೇರೆ ತಂದಿದ್ದಳು. ತಗಡಿನ ಡಬ್ಬಿ, ಅದರ ತುಂಬ ಬಣ್ಣಬಣ್ಣದ ಗಾಜಿನ ತಲೆಯ ಪಿನ್ನುಗಳು. ಕೆಲಸಕ್ಕೆ ಸೇರಿದ ದಿನ ಉಡುಗೊರೆ ತರುವವರನ್ನು ನಾನು ನೋಡಿರಲಿಲ್ಲ. ನಾದಿನಿ ಮಾತ್ರ ಮಗುವಿನ ಹಾಗೆ ಹಿಗ್ಗಿ, ಆಗಲೇ ಹತ್ತು ಪಿನ್ನು ಬಾಯಿಗೆ ಹಾಕಿಕೊಂಡಳು.

ಸ್ಯಾಟಿನ್ ಬಹಳ ಜಾರುವ ಬಟ್ಟೆ. ಮಿಶನ್ನಿನ ಕೆಳಗೆ ನಿಲ್ಲುವುದೇ ಇಲ್ಲ. ಅದಕ್ಕೆ ನಾವು ಬಟ್ಟೆಯ ಕೆಳಗೆ ತೆಳು ಕಾಗದದ ಪಟ್ಟಿ ಇಟ್ಟು ಎರಡನ್ನೂ ಸೇರಿಸಿ ಹೊಲಿಯುತ್ತೇವೆ, ಆಮೇಲೆ ಕಾಗದವನ್ನು ಹರಿದು ತೆಗೆಯುತ್ತೇವೆ. ಆ ಕಾಗದಕ್ಕೆಂದೇ ನನ್ನ ಮಿಶನ್ನಿನಲ್ಲಿ ಒಂದು ಡ್ರಾಯರಿದೆ. ಶೂ ಡಬ್ಬಿಯೊಳಗಿನದು, ಹೊಸ ಅಂಗಿಯ ಮಡಿಕೆಯೊಳಗಿನದು, ತೆಳುವಾದದ್ದು ಏನು ಮನೆಗೆ ಬಂದರೂ ನಾನು ಎಸೆಯುವುದಿಲ್ಲ. ಎರಡು ಬೆರಳಗಲ ಕತ್ತರಿಸಿ ಒಳಗೆ ತುರುಕುತ್ತೇನೆ. ಅಚ್ಚಾದ ಕಾಗದವಾದರೆ ಅಕ್ಷರದ ಮುಖ ಕೆಳಗೆ, ಬಟ್ಟೆಗೆ ಮಸಿ ಹತ್ತಬಾರದು ನೋಡಿ. ಹೊಲಿದ ಮೇಲೆ ಕಾಗದ ಕೀಳುವ ಕೆಲಸ ಎದುರಂಗಡಿಯವಳದ್ದು. ನನ್ನ ಹೊಲಿಗೆ ಒತ್ತಾಗಿರುವುದರಿಂದ ಚೂರುಗಳು ಒಳಗೇ ಉಳಿಯುತ್ತವೆ, ಅವಳು ಚಿಮುಟ ಹಿಡಿದು ಒಂದೊಂದನ್ನೇ ಎಳೆಯುತ್ತಿದ್ದಳು. ಎಳೆದದ್ದನ್ನು ಕಣ್ಣ ಹತ್ತಿರ ಹಿಡಿದು ನೋಡುವ ಅಭ್ಯಾಸ ಅವಳಿಗೆ. ಕಸದಲ್ಲಿ ಏನು ಓದುತ್ತಾಳೆ ಎಂದು ನನಗೆ ಸಿಟ್ಟು ಬರುತ್ತಿತ್ತು.

ಎರಡನೆಯ ವಾರ ನಾದಿನಿಯ ತುಟಿಯ ಒಳಗೆ ಒಂದು ಹುಣ್ಣು ಎದ್ದಿತು. ಮರುದಿನ ನಾಲಿಗೆಯ ಅಂಚಿನಲ್ಲಿ ಎರಡು. ಪಿನ್ನು ಚುಚ್ಚಿರಬೇಕು ಎಂದು ಅವಳೇ ಹೇಳಿದಳು, ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಿದಳು. ಇಪ್ಪತ್ತು ವರ್ಷದಲ್ಲಿ ಚುಚ್ಚದ ಪಿನ್ನು ಈಗ ಚುಚ್ಚಿತೇ? ನನ್ನ ತಲೆಯೊಳಗೆ ಗಂಟೆ ಹೊಡೆಯಿತು. ಆ ಗಾಜಿನ ತಲೆಯ ಪಿನ್ನುಗಳಿಗೆ ಏನೋ ಹಚ್ಚಿದೆ. ಹದಿನಾಲ್ಕು ಗೌನು ಹೊತ್ತಿಗೆ ಸರಿಯಾಗಿ ಕೊಡಲಾಗದಿದ್ದರೆ ನೃತ್ಯಶಾಲೆ ರಸ್ತೆಯ ಆಚೆಗೆ ಹೋಗುತ್ತದೆ. ಇಷ್ಟು ಅರ್ಥಮಾಡಿಕೊಳ್ಳಲು ದೊಡ್ಡ ಬುದ್ಧಿ ಬೇಕಿಲ್ಲ.

ಸಾಕ್ಷಿ ಬೇಕಲ್ಲ. ಒಂದು ದಿನ ಬೆಳಿಗ್ಗೆ ಅದೇ ಡಬ್ಬಿಯಿಂದ ನಾಲ್ಕು ಪಿನ್ನು ತೆಗೆದು ನಾನೇ ಬಾಯಲ್ಲಿಟ್ಟುಕೊಂಡೆ. ಸಂಜೆ ಅಂಗಡಿ ಮುಚ್ಚುವ ತನಕ ಹಾಗೇ ಕೂತೆ. ಗಂಟೆಗೊಮ್ಮೆ ಕನ್ನಡಿ ಮುಂದೆ ಹೋಗಿ ನಾಲಿಗೆ ಚಾಚಿ ನೋಡಿಕೊಂಡೆ. ಗಿರಾಕಿಗಳು ಏನೋ ಕೇಳಿದರೆ ಹೂಂ ಹೂಂ ಎಂದೆ. ನನಗೆ ಏನೂ ಆಗಲಿಲ್ಲ. ಅಂದರೆ ಎದುರಂಗಡಿಯವಳು ನನ್ನ ಮೇಲೆ ಸಂಶಯಪಟ್ಟು ಪಿನ್ನುಗಳನ್ನು ಬದಲಾಯಿಸಿದ್ದಾಳೆ ಎಂದಾಯಿತು. ಮರುದಿನ ಹತ್ತು ಪಿನ್ನುಗಳ ತಲೆಗೆ ಉಗುರುಬಣ್ಣದ ಚುಕ್ಕೆ ಇಟ್ಟೆ. ಮೂರು ದಿನವಾದರೂ ಹತ್ತೂ ಇದ್ದಲ್ಲೇ ಇದ್ದವು. ಎಷ್ಟು ಚಾಲಾಕಿ ಇದ್ದಾಳೆ ನೋಡಿ ಎಂದು ಗಂಡನಿಗೆ ಹೇಳಿದೆ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಂತ್ರ ಕೆಟ್ಟರೆ ಮೊದಲು ಎಣ್ಣೆ ನೋಡಬೇಕು, ಪಕ್ಕದ ಮನೆಯವನನ್ನಲ್ಲ ಎಂದರು. ಡಾಕ್ಟರಿಗೆ ತೋರಿಸು ಎಂದೂ ಹೇಳಿದರು. ಬಾಯಿ ಹುಣ್ಣಿಗೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆಯೇ?

ಆಮೇಲೆ ಗಂಟಲು ಹಿಡಿಯಿತು. ಉಗುಳು ನುಂಗಿದರೂ ಅವಳ ಕಣ್ಣಲ್ಲಿ ನೀರು. ಜ್ವರವೂ ಬಂತು. ಮಾತ್ರೆ ಕೊಟ್ಟರೆ ಬೆವರಿ ಇಳಿಯುತ್ತಿತ್ತು, ನಾಲ್ಕು ಗಂಟೆ ಕಳೆದರೆ ಮತ್ತೆ ಏರುತ್ತಿತ್ತು. ನಾನು ಇನ್ನೊಂದು ಕೊಡುತ್ತಿದ್ದೆ. ಮೂರಿದ್ದದ್ದು ನಾಲ್ಕಾಯಿತು, ನಾಲ್ಕು ಐದಾಯಿತು. ಆ ಮಾತ್ರೆಯೊಂದು ಇರದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ ಎಂದು ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ಎದುರಂಗಡಿಯವಳು ಒಂದು ಮಧ್ಯಾಹ್ನ ಹತ್ತಿರ ಬಂದು, ಮಾಸ್ಟರಿಗೆ ಯಾವ ಮಾತ್ರೆ ಕೊಡುತ್ತಿದ್ದೀರಿ ಎಂದು ಮೆಲ್ಲಗೆ ಕೇಳಿದಳು. ನಿನಗ್ಯಾಕೆ ಎಂದೆ. ಮರುದಿನ ಮತ್ತೆ ಬಂದಳು. ಆ ಮಾತ್ರೆಯ ಡಬ್ಬಿಯೊಳಗೆ ಒಂದು ಕಾಗದ ಇರುತ್ತದಲ್ಲ, ಅದು ಎಲ್ಲಿದೆ, ಒಮ್ಮೆ ನೋಡಬಹುದೇ ಎಂದಳು. ವಿಷ ಹಾಕಿದವಳಿಗೆ ಮದ್ದಿನ ವಿವರ ಬೇಕಾಗಿದೆ ಎಂದುಕೊಂಡೆ. ಮೈಯೆಲ್ಲ ಉರಿಯಿತು. ಮೂರನೆಯ ದಿನ, ಗುರುವಾರ, ನಾನು ಹಿತ್ತಲಿಂದ ಒಳಗೆ ಬಂದರೆ ಅವಳು ಔಷಧಿಯ ಕಪಾಟಿನ ಬಾಗಿಲು ತೆರೆದು ನಿಂತಿದ್ದಳು. ಕೈಯಲ್ಲಿ ನಮ್ಮ ಮಾತ್ರೆಯ ಖಾಲಿ ಡಬ್ಬಿ.

"ಅಕ್ಕ, ತಪ್ಪು ತಿಳ್ಕೋಬೇಡಿ," ಎಂದಳು. "ಈ ಡಬ್ಬಿ ಕಾಗದ ಒಂದ್ಸಲ..."

ನಾನು ಅವಳ ಮಾತು ಮುಗಿಯಲು ಬಿಡಲಿಲ್ಲ. ಬೀದಿ ಬಾಗಿಲು ತೆರೆದು ಹಿಡಿದೆ. ಎಲ್ಲಿಂದ ಬಂದೆಯೋ ಅಲ್ಲಿಗೇ ಹೋಗು, ನಿನ್ನ ಪಿನ್ನಿನ ಆಟ ನನಗೆ ಗೊತ್ತಿಲ್ಲ ಅಂದ್ಕೋಬೇಡ ಎಂದೆ. ಅವಳು ಖಾಲಿ ಡಬ್ಬಿಯನ್ನು ಕಪಾಟಿನಲ್ಲಿ ವಾಪಸ್ ಇಟ್ಟಳು. ಹೋಗುವಾಗ ಮಾತ್ರ ಅವಳ ಹೆಜ್ಜೆ ಸದ್ದು ಮಾಡಿತು. ಮೇಲೆ ಮಲಗಿದ್ದ ನಾದಿನಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ. ಅವಳ ಕಣ್ಣಲ್ಲಿ ಮೊದಲು ಬೇಸರ ಬಂತು, ಆಮೇಲೆ ನಂಬಿಕೆ ಬಂತು. ನಾನು ಹೇಳಿದ್ದನ್ನು ಅವಳು ಯಾವತ್ತೂ ನಂಬುತ್ತಾಳೆ. ಪಿನ್ನಿನ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ, ಪೊಲೀಸರಿಗೆ ಬೇಕಾಗಬಹುದು ಎಂದು.

ಶುಕ್ರವಾರ ಮಧ್ಯಾಹ್ನ ಎರಡು ಗೌನು ಬಾಕಿಯಿದ್ದವು. ಶನಿವಾರ ಕೊಡಬೇಕು. ಕೊಟ್ಟ ಕೂಡಲೇ ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಹೇಳಿದ್ದೆ, ನಾದಿನಿ ತಲೆಯಾಡಿಸಿದ್ದಳು. ಅವಳಿಗೆ ಬೆಳಗಿನಿಂದ ಚಳಿ ಹಿಡಿದು ಮೈ ನಡುಗುತ್ತಿತ್ತು. ಎರಡು ಕಂಬಳಿ ಹೊದಿಸಿ, ಹಾಸಿಗೆಯ ಪಕ್ಕ ನೀರಿನ ಲೋಟ, ಮಾತ್ರೆಯ ಸ್ಟ್ರಿಪ್ಪು, ಅಳತೆ ಕೋಲು ಇಟ್ಟು ಬಂದಿದ್ದೆ. ಏನಾದರೂ ಬೇಕಾದರೆ ಕೋಲಿನಿಂದ ನೆಲ ಕುಟ್ಟುತ್ತಿದ್ದಳು, ಕೆಳಗೆ ನನಗೆ ಕೇಳುತ್ತಿತ್ತು.

ಕಾಗದ ಕೀಳಲು ಈಗ ನಾನೇ ಚಿಮುಟ ಹಿಡಿಯಬೇಕಾಯಿತು. ಹದಿಮೂರನೆಯ ಗೌನಿನ ಎಡಗಡೆಯ ಕೊರಳಿನಿಂದ ಒಂದು ಪಟ್ಟಿ ಗೇಣುದ್ದ ಹರಿಯದೆ ಬಂತು. ಪುಡಿ ಅಕ್ಷರಗಳು. ಕಸದಬುಟ್ಟಿಗೆ ಹಾಕಲು ಹೋದವಳ ಕಣ್ಣಿಗೆ ಗಂಟಲು ಎನ್ನುವ ಶಬ್ದ ಬಿತ್ತು. ಇಷ್ಟು ದಿನ ಆ ಶಬ್ದವೇ ನಮ್ಮ ಮನೆಯ ಮಾತಾಗಿತ್ತಲ್ಲ, ಅದಕ್ಕೇ ಬಿದ್ದಿರಬೇಕು. ಕಿಟಕಿಯ ಹತ್ತಿರ ಹೋಗಿ ಓದಿದೆ. "ಇದ್ದಕ್ಕಿದ್ದಂತೆ ಜ್ವರ, ಚಳಿ ನಡುಕ, ಗಂಟಲು ನೋವು, ಬಾಯಲ್ಲಿ" ಎಂದಿತ್ತು. ಅಲ್ಲಿಗೆ ಕತ್ತರಿಸಿತ್ತು. ಬಲಗಡೆಯ ಕೊರಳಿನ ಪಟ್ಟಿಯನ್ನು ಕಿತ್ತೆ. ಅದು ಮೂರು ಚೂರಾಗಿ ಬಂತು. ಮೇಜಿನ ಮೇಲೆ ಜೋಡಿಸಿದೆ. "ಹುಣ್ಣು ಕಾಣಿಸಿದರೆ ಈ ಮಾತ್ರೆಯನ್ನು ಆ ಕ್ಷಣವೇ ನಿಲ್ಲಿಸಿ. ಬಿಳಿ ರಕ್ತಕಣಗಳು ಕುಸಿದಿರಬಹುದು. ರಕ್ತ ಪರೀಕ್ಷೆ ತಡಮಾಡಿದರೆ ಪ್ರಾಣಾಪಾಯ."

ನನಗೆ ಮೊದಲು ಬಂದ ಯೋಚನೆ ಏನೆಂದು ಹೇಳಿಬಿಡುತ್ತೇನೆ, ನಾಚಿಕೆಯಾದರೂ ಪರವಾಗಿಲ್ಲ. ಇದನ್ನು ಎದುರಂಗಡಿಯವಳೇ ಒಳಗೆ ಸೇರಿಸಿದ್ದಾಳೆ ಎಂದುಕೊಂಡೆ. ತನ್ನ ಪಿನ್ನಿನ ಮೇಲಿನ ಗುಮಾನಿ ತಪ್ಪಿಸಿ ನಮ್ಮ ಮಾತ್ರೆಯ ಮೇಲೆ ಹಾಕಲು ಎಲ್ಲಿಂದಲೋ ಕಾಗದ ತಂದು ಹೊಲಿದಿದ್ದಾಳೆ. ಪಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದೆ. ಸೂಜಿಯ ತೂತುಗಳು ಸಾಲಾಗಿ ಹೊಳೆದವು. ಅಕ್ಷರಗಳ ನಡುವೆಯೇ ಹಾದುಹೋಗಿದ್ದವು. ಸ್ಕೇಲು ಇಟ್ಟು ಎಣಿಸಿದೆ. ಇಂಚಿಗೆ ಹದಿನಾರು.

ಸ್ಕೇಲು ಕೆಳಗಿಟ್ಟೆ. ಬಸ್ ನಿಲ್ದಾಣದ ಅಂಗಡಿಯಿಂದ ಬಂದ ದಿನ ಡಬ್ಬಿ ಬಿಚ್ಚಿದ್ದು ನೆನಪಾಯಿತು. ಮಡಿಕೆ ಬಿಚ್ಚಿದರೆ ಮೊಳದುದ್ದದ ಕಾಗದ, ಎಷ್ಟು ತೆಳು, ಎಷ್ಟು ಗಟ್ಟಿ, ಸ್ಯಾಟಿನ್‌ಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಖುಷಿಪಟ್ಟಿದ್ದೆ. ಒಂದು ಸಾಲೂ ಓದದೆ ಕತ್ತರಿ ಆಡಿಸಿದ್ದೆ. ಅಕ್ಷರದ ಮುಖ ಕೆಳಗೆ ಹಾಕಿ ಹೊಲಿದಿದ್ದೆ.

ಅದೇ ಹೊತ್ತಿಗೆ ಮೇಲಿನಿಂದ ಕೋಲಿನ ಸದ್ದು ಕೇಳಿತು. ಜ್ವರ ಏರಿದೆ, ಮಾತ್ರೆ ತೆಗೆದುಕೊಳ್ಳಲು ನೀರು ಬೇಕು ಎಂದು ಅದರ ಅರ್ಥ. ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ಲೋಟ ಖಾಲಿಯಾಗಿ ಉರುಳಿತ್ತು. ಅವಳು ದಿಂಬಿಗೆ ಒರಗಿ ಕೂತು, ನುಂಗಲಾರದೆ, ಮಾತ್ರೆಯನ್ನು ತುಟಿಯ ನಡುವೆ ಕಚ್ಚಿ ಹಿಡಿದಿದ್ದಳು, ಪಿನ್ನು ಹಿಡಿಯುವ ಹಾಗೆ. ಅಂಗಡಿಯಲ್ಲಿ ಅವಸರವಿದ್ದಾಗ ನಾನು ಅವಳ ಬಾಯಿಂದಲೇ ಪಿನ್ನು ಎಳೆದುಕೊಳ್ಳುವುದುಂಟು. ಹಾಗೇ ಎರಡು ಬೆರಳಲ್ಲಿ ಆ ಮಾತ್ರೆಯನ್ನು ಎಳೆದುಕೊಂಡೆ. ಅವಳ ತುಟಿಯ ಸಿಪ್ಪೆ ಸುಲಿದು ರಕ್ತ ಬಂತು. ಅವಳು ಯಾಕೆ ಎಂದು ಕಣ್ಣಲ್ಲೇ ಕೇಳಿದಳು. ಬೇಡ, ಇನ್ನು ಬೇಡ ಎಂದಷ್ಟೇ ನನ್ನ ಬಾಯಿಂದ ಬಂದದ್ದು.

ಗಂಡನಿಗೆ ಫೋನು ಮಾಡಿದೆ. ಬಾಡಿಗೆ ಕಾರಿನಲ್ಲಿ ದೊಡ್ಡಾಸ್ಪತ್ರೆಗೆ ಹೋದೆವು. ತುರ್ತು ವಿಭಾಗದ ಡಾಕ್ಟರ ಮೇಜಿನ ಮೇಲೆ ನಾನು ಮಾತ್ರೆಯ ಸ್ಟ್ರಿಪ್ಪು, ಕಾಗದದ ಚೂರು, ಜೊತೆಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಿನ್ನಿನ ಡಬ್ಬಿಯನ್ನೂ ಇಟ್ಟೆ. ಹೊರಡುವ ಗಡಿಬಿಡಿಯಲ್ಲೂ ಬೀರುವಿನ ಬೀಗ ತೆಗೆದು ಅದನ್ನು ತಂದಿದ್ದೆ. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ. ಚಿಕ್ಕ ವಯಸ್ಸಿನ ಡಾಕ್ಟರು ಪಿನ್ನಿನ ಡಬ್ಬಿಯನ್ನು ಬದಿಗೆ ಸರಿಸಿ, ಮಾತ್ರೆಯ ಸ್ಟ್ರಿಪ್ಪನ್ನು ಕೈಗೆತ್ತಿಕೊಂಡರು.

"ಇದನ್ನ ಎಷ್ಟು ದಿನದಿಂದ ತಗೋತಿದ್ದಾರೆ?"

"ಆರು ವಾರ ಆಯ್ತು."

"ಬರೆದದ್ದು ಎಷ್ಟು ದಿನಕ್ಕೆ?"

"ಐದು ದಿನಕ್ಕೆ."

"ಕೊಡ್ತಿದ್ದವರು ಯಾರು?"

ಗಂಡ ನನ್ನ ಕಡೆ ನೋಡಲಿಲ್ಲ. ಅದು ನೋಡಿದ್ದಕ್ಕಿಂತ ಹೆಚ್ಚಾಯಿತು. ನಾನೇ ಎಂದೆ.

ರಕ್ತದ ವರದಿ ಒಂದು ಗಂಟೆಯಲ್ಲಿ ಬಂತು. ಸೋಂಕನ್ನು ತಡೆಯುವ ಬಿಳಿ ಕಣಗಳು ಸಾವಿರಗಟ್ಟಲೆ ಇರಬೇಕಾದ ಜಾಗದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದರು ಡಾಕ್ಟರು. ಈ ಮಾತ್ರೆ ಎಷ್ಟೋ ಜನರಿಗೆ ಏನೂ ಮಾಡುವುದಿಲ್ಲವಂತೆ. ಎಲ್ಲೋ ಅಪರೂಪಕ್ಕೆ ಒಬ್ಬರ ರಕ್ತವನ್ನು ಹೀಗೆ ಬರಿದು ಮಾಡುತ್ತದಂತೆ, ಯಾರಿಗೆ ಎಂದು ಮೊದಲೇ ತಿಳಿಯುವ ದಾರಿಯಿಲ್ಲ. ಅದಕ್ಕೇ ಚೀಟಿ, ಅದಕ್ಕೇ ಲೆಕ್ಕದ ದಿನ, ಅದಕ್ಕೇ ಆ ಕಾಗದ. ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾಡಿ ಹಗುರಾಗುತ್ತಿದ್ದೆನೇನೋ.

"ಅದೇ ಮಾತ್ರೆ ಜ್ವರವನ್ನೂ ಇಳಿಸ್ತಾ ಇತ್ತು ನೋಡಿ," ಎಂದರು. "ಹಾಗಾಗಿ ಕಾಯಿಲೆ ಎಷ್ಟು ಮುಂದೆ ಹೋಗಿದೆ ಅಂತ ನಿಮಗೆ ಕಾಣಲಿಲ್ಲ. ಇನ್ನೆರಡು ದಿನ ಬಿಟ್ಟು ಬಂದಿದ್ರೆ ನಾನು ಏನೂ ಹೇಳೋಕಾಗ್ತಿರಲಿಲ್ಲ. ಈಗಲೂ ಪೂರ್ತಿ ಹೇಳಲಾರೆ."

ಅವಳನ್ನು ಗಾಜಿನ ಬಾಗಿಲಿನ ಒಂಟಿ ಕೋಣೆಯಲ್ಲಿಟ್ಟರು. ಹೊರಗಿನ ಗಾಳಿ, ಹೊರಗಿನವರ ಕೆಮ್ಮು ಯಾವುದೂ ತಾಗಬಾರದು. ರಕ್ತಕಣ ಹುಟ್ಟಿಸಲು ಇಂಜೆಕ್ಷನ್, ಸೋಂಕಿಗೆ ಇನ್ನೊಂದು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಅವಳ ಎದೆ ಏರುವುದನ್ನೂ ಇಳಿಯುವುದನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ನನಗೆ ಅಳು ಬರಲಿಲ್ಲ, ಭಯವಾಯಿತು. ಅವಳು ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನನ್ನ ಸೆರಗು ಹಿಡಿದುಕೊಂಡು ಓಡಾಡಿದವಳು, ಸೂಜಿಗೆ ದಾರ ಪೋಣಿಸುವುದನ್ನು ನನ್ನಿಂದ ಕಲಿತವಳು.

ನಾಲ್ಕನೆಯ ದಿನ ಕಣಗಳು ಚೂರು ಏರಿದವು ಎಂದು ನರ್ಸ್ ಹೇಳಿದರು. ಆ ದಿನವೇ ನಾನು ಪಿನ್ನಿನ ಡಬ್ಬಿ ಹಿಡಿದು ಎದುರಂಗಡಿಯವಳ ಮನೆ ಹುಡುಕಿಕೊಂಡು ಹೋದೆ. ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದೆ. ಒಳಗೆ ಇಸ್ತ್ರಿ ಪೆಟ್ಟಿಗೆ ಬಿಸಿಯಾಗಿತ್ತು, ಬೇರೆಯವರ ಬಟ್ಟೆಗಳ ರಾಶಿಯಿತ್ತು. ಕೂರಿ ಎನ್ನಲಿಲ್ಲ. ನಾನೂ ಕೂರಲಿಲ್ಲ. ನಡೆದದ್ದನ್ನೆಲ್ಲ ನಿಂತೇ ಹೇಳಿದೆ. ಅವಳು ಒಂದು ಪುಸ್ತಕದ ನಡುವಿನಿಂದ ಬೆರಳುದ್ದದ ಕಾಗದದ ಚೂರು ತೆಗೆದು ತೋರಿಸಿದಳು. ಗೌನಿನ ತೋಳಿನಿಂದ ಕಿತ್ತದ್ದಂತೆ. ಅದರಲ್ಲಿ ಇದ್ದದ್ದು ಇಷ್ಟೇ: "ಬಾಯಿ ಹುಣ್ಣನ್ನು ಕಡೆಗಣಿಸಬೇಡಿ." ಯಾವ ಮಾತ್ರೆಯದು, ಮುಂದೇನು ಬರೆದಿದೆ ಎಂದು ಗೊತ್ತಿರಲಿಲ್ಲ, ಅದಕ್ಕೇ ಮಿಕ್ಕ ಕಾಗದ ಕೇಳಿದ್ದು ಎಂದಳು. ನಾನು ತಪ್ಪಾಯಿತು ಎಂದೆ. ಆ ಮಾತು ನನ್ನ ಬಾಯಿಂದ ಬಂದು ಎಷ್ಟು ವರ್ಷವಾಗಿತ್ತೋ, ಬಾಯಿಗೆ ಅಪರಿಚಿತವಾಗಿತ್ತು. ಮತ್ತೆ ಕೆಲಸಕ್ಕೆ ಬಾ ಎಂದೆ.

"ಪಿನ್ನಿಂದ ಆದದ್ದಲ್ಲ ಅಂತ ಮಾಸ್ಟರಿಗೆ ಗೊತ್ತಾ ಅಕ್ಕ?" ಎಂದು ಕೇಳಿದಳು.

ಇನ್ನೂ ಹೇಳಿಲ್ಲ ಎಂದೆ.

"ಅವರಿಗೆ ಹೇಳಿ. ಆಮೇಲೆ ಬರ್ತೀನಿ," ಎಂದು ಪಿನ್ನಿನ ಡಬ್ಬಿಯನ್ನು ನನ್ನ ಕೈಗೇ ವಾಪಸ್ ಕೊಟ್ಟಳು.

ಒಂಬತ್ತನೆಯ ದಿನ ನಾದಿನಿಯನ್ನು ಗಾಜಿನ ಕೋಣೆಯಿಂದ ಮಾಮೂಲಿ ಹಾಸಿಗೆಗೆ ತಂದರು. ಆ ಮಾತ್ರೆಯನ್ನು ಜೀವಮಾನದಲ್ಲಿ ಮತ್ತೆ ಮುಟ್ಟಬಾರದು, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ತೋರಿಸಬೇಕು ಎಂದು ಒಂದು ಕಾರ್ಡು ಬರೆದು ಅವಳ ತಲೆದಿಂಬಿನ ಪಕ್ಕ ಇಟ್ಟಿದ್ದರು. ಅದನ್ನು ಅವಳಿನ್ನೂ ನೋಡಿರಲಿಲ್ಲ. ಬಾಯಿಯ ಹುಣ್ಣು ಒಣಗಿ ಮಾಯುತ್ತಿತ್ತು. ಗಂಜಿಯ ಎರಡು ಚಮಚ ಕುಡಿದು, ಹನ್ನೆರಡು ದಿನಗಳಲ್ಲಿ ಮೊದಲ ಸಲ ಮಾತಾಡಿದಳು. ದನಿ ಒಡೆದಿತ್ತು.

"ಆ ಪಿನ್ನುಗಳನ್ನ ಎಸೆದ್ರಾ ಅತ್ತಿಗೆ? ಅವಳನ್ನ ಸುಮ್ನೆ ಬಿಡಬಾರದು."

ಗಂಡ ಹೊರಗೆ ಹೋಗಿದ್ದರು. ಕೋಣೆಯಲ್ಲಿ ನಾವಿಬ್ಬರೇ. ಹೂಂ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಅವಳು ನಂಬುತ್ತಿದ್ದಳು. ನನ್ನ ಕೈಯಿಂದ ಗಂಜಿ ಕುಡಿಯುತ್ತ, ಅತ್ತಿಗೆ ಇಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಆ ಆಸೆ ನನಗೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಪರ್ಸಿನಿಂದ ಆ ಗೇಣುದ್ದದ ಪಟ್ಟಿಯನ್ನೂ ಮೂರು ಚೂರುಗಳನ್ನೂ ತೆಗೆದು ಅವಳ ಅಂಗೈಯಲ್ಲಿಟ್ಟೆ.

ಅವಳು ಕಸುಬು ಬಲ್ಲವಳು. ಅಕ್ಷರದ ಮೇಲೆ ಅವಳ ಕಣ್ಣು ಹೋಗಲೇ ಇಲ್ಲ. ಪಟ್ಟಿಯನ್ನು ಕಿಟಕಿಯ ಕಡೆ ಎತ್ತಿ ಹಿಡಿದು, ತೂತುಗಳ ಸಾಲಿನ ಮೇಲೆ ಉಗುರು ಆಡಿಸಿದಳು.

"ಇದು ನಿಮ್ಮ ಹೊಲಿಗೆ," ಎಂದಳು.

"ಹೌದು. ಈಗ ಓದು."

ಅವಳು ಓದಿದಳು. ನಿಧಾನವಾಗಿ, ತುಟಿ ಅಲ್ಲಾಡಿಸುತ್ತ, ಒಂದು ಸಲ. ಆಮೇಲೆ ಚೂರುಗಳನ್ನು ಹೊದಿಕೆಯ ಮೇಲೆ ಜೋಡಿಸಿ ಇನ್ನೊಂದು ಸಲ. ಬಸ್ ನಿಲ್ದಾಣದ ಅಂಗಡಿಯಿಂದ ಹಿಡಿದು ಎಲ್ಲವನ್ನೂ ನಾನು ಹೇಳಿದೆ, ಎದುರಂಗಡಿಯವಳು ಮೂರು ಸಲ ಕೇಳಿದ್ದನ್ನೂ ಬಿಡಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ, ಮುಖ ತಿರುಗಿಸಲೂ ಇಲ್ಲ. ಎದುರಂಗಡಿಯವಳಿಗೆ ಫೋನು ಮಾಡಿ ಬರಹೇಳಿ ಎಂದಷ್ಟೇ ಹೇಳಿದಳು.

ಸ್ವಲ್ಪ ಹೊತ್ತಿಗೆ ನರ್ಸ್ ಪುಟ್ಟ ಬಟ್ಟಲಲ್ಲಿ ಸಂಜೆಯ ಮಾತ್ರೆ ತಂದರು. ಯಾವತ್ತಿನ ಹಾಗೆ ತೆಗೆದುಕೊಳ್ಳಲು ನಾನು ಕೈ ಚಾಚಿದೆ. ನಾದಿನಿ ಕಂಬಳಿಯೊಳಗಿಂದ ತನ್ನ ಕೈ ತೆಗೆದು, ನನ್ನ ಕೈಯನ್ನು ದಾಟಿ, ಬಟ್ಟಲನ್ನು ತಾನೇ ತೆಗೆದುಕೊಂಡಳು. ಇದರ ಹೆಸರೇನು, ಯಾತಕ್ಕೆ, ಎಷ್ಟು ದಿನ ಎಂದು ನರ್ಸನ್ನು ಕೇಳಿದಳು. ಉತ್ತರ ಕೇಳಿಸಿಕೊಂಡು, ಮಾತ್ರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಆಮೇಲೆ ನುಂಗಿದಳು.